ಸೂರ್ಯಕಾಂತಿಯ ಕುಲದ ಸಸ್ಯಗಳೂ ಅವುಗಳ ಹಸುರು ಕಣದ ಲೇಖವೂ

ಎಣ್ಣೆಗಾಗಿ ಬೆಳೆಯುವ ಸೂರ್ಯಕಾಂತಿ, ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಬಿತ್ತುವ ಹುಚ್ಚೆಳ್ಳು, ಬಯಲುಸೀಮೆಯ ಜೋಳದ ಹೊಲದ ಅಂಚಿನಲ್ಲಿ ದನಗಳು ನುಗ್ಗದಂತೆ ಮುಳ್ಳುಬೇಲಿಯಾಗಿ ನಿಲ್ಲುವ ಕುಸುಬೆ, ದೇವರ ಪೂಜೆಗೆ ಒದಗುವ ಸೇವಂತಿಗೆ ಮತ್ತು ಚೆಂಡುಹೂವು, ಗದ್ದೆಯ ಬದುವಿನ ಗರುಗದ ಸೊಪ್ಪು, ಇವೆಲ್ಲವೂ ಒಂದೇ ಕುಲಕ್ಕೆ ಸೇರಿದ ಸಸ್ಯಗಳೆಂದು ಹೇಳಿದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಊರ ಹೊರಗಿನ ಬೀಳುಭೂಮಿಯನ್ನೂ ರಸ್ತೆಯ ಮಗ್ಗುಲನ್ನೂ ಆವರಿಸಿಕೊಂಡು, ಮುಟ್ಟಿದವರ ಮೈಗೆ ತುರಿಕೆಯನ್ನೂ ಉಸಿರಿಗೆ ತೊಂದರೆಯನ್ನೂ ಕೊಡುವ ಕಾಂಗ್ರೆಸ್ ಗಿಡವು ಸಹ ಇದೇ ಮನೆತನದ ಕುಡಿಯೆಂಬುದನ್ನು ಕೇಳಿದರೆ ಆ ಆಶ್ಚರ್ಯವು ಇನ್ನೂ ಹೆಚ್ಚುವುದು. ಆದರೆ ಹೂವನ್ನು ಬಿಡಿಸಿ ನೋಡಿದವರಿಗೆ ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಒಂದು ಹೂವೆಂದು ಕಣ್ಣಿಗೆ ತೋರುವುದು ವಾಸ್ತವವಾಗಿ ಒಂದೇ ಪೀಠದ ಮೇಲೆ ಒತ್ತಾಗಿ ಕುಳಿತ ಅನೇಕ ಕಿರುಹೂಗಳ ಸಮೂಹವು. ಫಲ ಕಟ್ಟುವ ಒಂದೊಂದು ಕಿರುಹೂವಿಗೂ ಒಂದೊಂದೇ ಬೀಜ. ಈ ಲಕ್ಷಣವುಳ್ಳ ಸಸ್ಯಗಳು ಭೂಮಂಡಲದಲ್ಲಿ 24 ಸಾವಿರ ಜಾತಿಗಳಿಗೆ ಕಡಿಮೆಯಿಲ್ಲ. ಹೂಬಿಡುವ ಸಸ್ಯಗಳ ಕುಲಗಳಲ್ಲಿ ಇದಕ್ಕೆ ಸರಿಸಮವಾದುದು ಸೀತಾಳೆ ಹೂವಿನ ಕುಲವೊಂದೇ.

ಇಷ್ಟು ದೊಡ್ಡ ಮನೆತನದಲ್ಲಿ ಯಾರು ಯಾರಿಗೆ ಹತ್ತಿರದ ದಾಯಾದಿ, ಯಾರು ದೂರದ ನಂಟ ಎಂಬುದನ್ನು ಹೂವು ಎಲೆಗಳ ಆಕಾರದಿಂದ ಮಾತ್ರ ನಿರ್ಣಯಿಸುವುದು ಕಷ್ಟವು. ನೆಲ, ನೀರು, ಬಿಸಿಲುಗಳಿಗೆ ತಕ್ಕಂತೆ ಆಕಾರವು ಮಾರ್ಪಡುತ್ತದೆ. ಸಂಬಂಧವಿಲ್ಲದ ಎರಡು ಗಿಡಗಳು ಒಂದೇ ಬಗೆಯ ಮುಳ್ಳನ್ನು ತಳೆಯಬಹುದು; ಒಡಹುಟ್ಟಿದ ಎರಡು ಗಿಡಗಳಲ್ಲಿ ಒಂದು ಪೊದೆಯಾಗಿ, ಮತ್ತೊಂದು ಒಂದು ಮಳೆಗಾಲದಲ್ಲಿಯೇ ಬೆಳೆದು ಒಣಗುವ ಸಸಿಯಾಗಿ ಇರಬಹುದು. ಆದುದರಿಂದ ಸಸ್ಯಶಾಸ್ತ್ರಜ್ಞರು ಆಕಾರಕ್ಕಿಂತ ನಂಬಿಕೆಗೆ ಅರ್ಹವಾದ ಒಂದು ದಾಖಲೆಯನ್ನು ಹುಡುಕಿದರು. ಅಂತಹ ದಾಖಲೆಯು ಎಲೆಯ ಹಸುರಿನಲ್ಲಿಯೇ ದೊರೆಯಿತು.

ಎಲೆಯ ಒಂದೊಂದು ಜೀವಕೋಶದಲ್ಲಿಯೂ ಅನೇಕ ಹಸುರು ಕಣಗಳಿರುತ್ತವೆ. ಇವಕ್ಕೆ ಕ್ಲೋರೋಪ್ಲಾಸ್ಟ್ ಎಂದು ಹೆಸರು. ಸೂರ್ಯನ ಬೆಳಕಿನ ಸಹಾಯದಿಂದ ಗಾಳಿಯನ್ನೂ ನೀರನ್ನೂ ಸೇರಿಸಿ ಸಕ್ಕರೆಯನ್ನು ಮಾಡುವ ಕೆಲಸವೆಲ್ಲವೂ ಇವುಗಳದೇ. ಈ ಕಣಗಳೊಳಗೆ, ಕೋಶದ ನಡುವಿನ ಬೀಜಕೇಂದ್ರದಲ್ಲಿರುವ ಡಿ. ಎನ್. ಎ. ಅಲ್ಲದೆ, ಅವುಗಳದೇ ಆದ ಪ್ರತ್ಯೇಕ ಡಿ. ಎನ್. ಎ. ಇರುವುದೆಂದು 1962-63ರಲ್ಲಿ ಖಚಿತವಾಯಿತು. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದಂತಿರುವ ಈ ಲೇಖವು ಸಾಮಾನ್ಯವಾಗಿ ಬಳೆಯಂತೆ ಸುತ್ತಿಕೊಂಡಿರುವುದು. ಒಂದು ಗಿಡದ ಈ ಪೂರ್ಣ ಲೇಖವನ್ನು ಮೊದಲಿನಿಂದ ಕೊನೆಯವರೆಗೆ ಓದುವ ಕೆಲಸವು ಮೊಟ್ಟಮೊದಲು ಕೈಗೂಡಿದ್ದು 1986ರಲ್ಲಿ. ಆ ವರ್ಷ ಜಪಾನಿನ ಎರಡು ತಂಡಗಳು ಹೊಗೆಸೊಪ್ಪಿನ ಲೇಖವನ್ನೂ ಮಾರ್ಕಾಂಶಿಯ ಎಂಬ ಹಾವಸೆಯಂತಹ ಕಿರುಸಸ್ಯದ ಲೇಖವನ್ನೂ ಪ್ರಕಟಿಸಿದವು.

ಬೀಜಕೇಂದ್ರದ ಲೇಖಕ್ಕೂ ಇದಕ್ಕೂ ಎರಡು ಮುಖ್ಯ ಭೇದಗಳುಂಟು. ಮೊದಲನೆಯದು ಗಾತ್ರ. ಸೂರ್ಯಕಾಂತಿಯ ಬೀಜಕೇಂದ್ರದ ಲೇಖವು 2017ರಲ್ಲಿ ಪ್ರಕಟವಾಯಿತಷ್ಟೆ. ಅದರಲ್ಲಿ ಸುಮಾರು 360 ಕೋಟಿ ಅಕ್ಷರಗಳಿವೆ. ಹಸುರು ಕಣದ ಲೇಖದಲ್ಲಿ ಇರುವುದು 1,51,104 ಅಕ್ಷರಗಳು ಮಾತ್ರ. ಎರಡನೆಯದು ವಾರಸು. ಬೀಜಕೇಂದ್ರದ ಲೇಖವು ತಂದೆ ತಾಯಿಗಳಿಬ್ಬರಿಂದಲೂ ಬಂದು ಪ್ರತಿ ತಲೆಮಾರಿನಲ್ಲಿಯೂ ಕಲಸಿಹೋಗುತ್ತದೆ. ಹಸುರು ಕಣವಾದರೋ ಬಹುತೇಕ ಸಸ್ಯಗಳಲ್ಲಿ ತಾಯಿಯಿಂದಲೇ ಬರತಕ್ಕುದು; ಗಂಡುಹೂವಿನ ಪರಾಗದೊಡನೆ ಅದು ಸಾಗಿಬರುವುದಿಲ್ಲ. ಡಿ. ಎನ್. ಎ. ಎಂಬುದು ಏನೆಂದು ಗೊತ್ತಾಗುವ ಮುಂಚೆಯೇ, 1909ರಲ್ಲಿ, ಜರ್ಮನಿಯ ಕಾರ್ಲ್ ಕೊರೆನ್ಸ್ ಎಂಬ ವಿದ್ವಾಂಸನು ಇದನ್ನು ಸಂಜೆಮಲ್ಲಿಗೆಯಲ್ಲಿ ಕಂಡಿದ್ದನು. ಒಂದೇ ಗಿಡದಲ್ಲಿ ಹಸುರು ಕೊಂಬೆ, ಬಿಳಿ ಕೊಂಬೆ, ಮಚ್ಚೆಯ ಕೊಂಬೆಗಳಿದ್ದ ಜಾತಿಯನ್ನು ಆರಿಸಿ ಅವನು ಪರೀಕ್ಷಿಸಿದಾಗ, ಹಸುರು ಕೊಂಬೆಯ ಹೂವಿಗೆ ಯಾವ ಕೊಂಬೆಯ ಪರಾಗವನ್ನು ಹಾಕಿದರೂ ಹುಟ್ಟಿದ ಸಸಿಗಳು ಹಸುರೇ, ಬಿಳಿ ಕೊಂಬೆಯ ಹೂವಿನಿಂದ ಹುಟ್ಟಿದವು ಬಿಳಿಯೇ ಆಗಿದ್ದವು. ಪರಾಗವನ್ನು ಕೊಟ್ಟ ಕೊಂಬೆಯ ಬಣ್ಣಕ್ಕೆ ಬೆಲೆಯೇ ಇರಲಿಲ್ಲ. ಸಂಜೆಮಲ್ಲಿಗೆಯು ಹಿತ್ತಲಿನಲ್ಲಿರುವವರು ಇಂತಹ ಮಚ್ಚೆಯ ಗಿಡವು ಸಿಕ್ಕಿದರೆ ತಾವೇ ಪರೀಕ್ಷಿಸಿ ನೋಡಬಹುದು, ಖರ್ಚೇನೂ ಇಲ್ಲ.

ತಾಯಿಯಿಂದ ಮಗಳಿಗೆ ಕಲಬೆರಕೆಯಿಲ್ಲದೆ ಇಳಿದುಬರುವ ಈ ಪುಟ್ಟ ಲೇಖವನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೋಲಿಸಿದಾಗ ಏನು ಕಾಣುತ್ತದೆ? ಸೂರ್ಯಕಾಂತಿಯ ಬಳೆಯು ನಾಲ್ಕು ಭಾಗಗಳಾಗಿದೆ. ದೊಡ್ಡ ಭಾಗವೊಂದು, 83 ಸಾವಿರಕ್ಕೆ ಮೇಲ್ಪಟ್ಟ ಅಕ್ಷರಗಳದು. ಚಿಕ್ಕದೊಂದು, 18 ಸಾವಿರಕ್ಕೆ ಮೇಲ್ಪಟ್ಟದ್ದು. ಇವೆರಡರ ನಡುವೆ, ಕನ್ನಡಿಯಲ್ಲಿ ಕಂಡಂತೆ ಒಂದಕ್ಕೊಂದು ತಿರುಗುಮುರುಗಾಗಿ ನಿಂತ 24 ಸಾವಿರಕ್ಕೆ ಮೇಲ್ಪಟ್ಟ ಅಕ್ಷರಗಳ ಎರಡು ಸಮಭಾಗಗಳು. ಹುಚ್ಚೆಳ್ಳಿನಲ್ಲಿಯೂ, ಕುಸುಬೆಯಲ್ಲಿಯೂ, ಸಲಾಡಿಗೆ ಉಪಯೋಗಿಸುವ ಲೆಟ್ಯೂಸ್ ಸೊಪ್ಪಿನಲ್ಲಿಯೂ ವಿಂಗಡಣೆಯು ಹೀಗೆಯೇ ಇದೆ. ಒಟ್ಟು ಉದ್ದವೂ ಹೆಚ್ಚು ಬೇರೆಯಲ್ಲ: 2010ರಲ್ಲಿ ಪ್ರಕಟವಾದ ಹುಚ್ಚೆಳ್ಳಿನ ಲೇಖವು 1,51,762 ಅಕ್ಷರಗಳದು; ಲೆಟ್ಯೂಸಿನದು 1,52,700ಕ್ಕೆ ಸ್ವಲ್ಪ ಮೇಲೆ.

ಆದರೆ ಉದ್ದವನ್ನು ನೋಡಿ ನಂಟುತನವನ್ನು ನಿರ್ಣಯಿಸತಕ್ಕದ್ದಲ್ಲ. ಯೂರೋಪಿನ ಹುಲ್ಲುಗಾವಲುಗಳಲ್ಲಿ ದನಕ್ಕೂ ಕುದುರೆಗೂ ವಿಷವಾಗುವ ಜಾಕೋಬಿಯ ಎಂಬ ಕಳೆಯ ಲೇಖವು 1,50,689 ಅಕ್ಷರಗಳು. ಮೆಕ್ಸಿಕೋದಿಂದ ಹೊರಟು ನೀಲಗಿರಿಯ ಬೆಟ್ಟಗಳನ್ನೂ ಸೇರಿರುವ ಅಜೆರಾಟಿನ ಎಂಬ ಕಳೆಯದು 1,50,698. ವ್ಯತ್ಯಾಸವು ಒಂಬತ್ತೇ ಅಕ್ಷರಗಳು. ಆದರೂ ಇವೆರಡೂ ಈ ಕುಲದ ಬೇರೆ ಬೇರೆ ಶಾಖೆಗಳಿಗೆ ಸೇರಿದವು. ಎರಡು ಹಿಡುವಳಿಗಳ ವಿಸ್ತೀರ್ಣವು ಗುಂಟೆ ಲೆಕ್ಕದಲ್ಲಿ ಸರಿಯಾಗಿದ್ದ ಮಾತ್ರಕ್ಕೆ ಅವುಗಳ ಒಡೆಯರು ಅಣ್ಣತಮ್ಮಂದಿರಾಗುವುದಿಲ್ಲವಷ್ಟೆ. ನೋಡಬೇಕಾದದ್ದು ಚಕ್ಕುಬಂದಿಯನ್ನು: ಯಾವ ಜೀನಿನ ಪಕ್ಕದಲ್ಲಿ ಯಾವ ಜೀನು ಇದೆ, ಯಾವ ಅಕ್ಷರವು ಎಲ್ಲಿ ಬದಲಾಗಿದೆ ಎಂಬುದನ್ನು.

ಚಕ್ಕುಬಂದಿಯನ್ನು ನೋಡಿದಾಗ ದೊರೆತ ಸಂಗತಿಯು ಈ ಶಾಸ್ತ್ರದಲ್ಲಿಯೇ ಬಹಳ ಸ್ವಾರಸ್ಯವಾದುದು. ಅಮೆರಿಕದ ರಾಬರ್ಟ್ ಜಾನ್‌ಸೆನ್ ಮತ್ತು ಜೆಫ್ರಿ ಪಾಮರ್ ಎಂಬ ವಿದ್ವಾಂಸರು ಲೆಟ್ಯೂಸಿನ ಲೇಖವನ್ನು ಇತರ ಕುಲಗಳ ಸಸ್ಯಗಳ ಲೇಖದೊಡನೆ ಹೋಲಿಸಿದಾಗ, ದೊಡ್ಡ ಭಾಗದಲ್ಲಿ ಸುಮಾರು 22 ಸಾವಿರ ಅಕ್ಷರಗಳಷ್ಟು ಉದ್ದದ ಒಂದು ತುಂಡು ಹಿಂದುಮುಂದಾಗಿ ಕುಳಿತಿರುವುದನ್ನು ಕಂಡರು. ಇದು ಲೆಟ್ಯೂಸಿನ ವಿಶೇಷವೋ ಇಡೀ ಕುಲದ ವಿಶೇಷವೋ ಎಂದು ತಿಳಿಯಲು ಅವರು ಈ ಕುಲದ ಎಲ್ಲಾ ಶಾಖೆಗಳ ಗಿಡಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂವು, ಕುಸುಬೆಗಳ ಶಾಖೆಗಳಲ್ಲೆಲ್ಲಾ ಆ ತುಂಡು ಹಿಂದುಮುಂದಾಗಿಯೇ ಇತ್ತು. ಒಂದೇ ಒಂದು ಚಿಕ್ಕ ಗುಂಪಿನಲ್ಲಿ ಮಾತ್ರ ಇರಲಿಲ್ಲ: ದಕ್ಷಿಣ ಅಮೆರಿಕದಲ್ಲಿ ಬೆಳೆಯುವ ಬಾರ್ನಡೇಸಿಯ ಎಂಬ ಗಿಡಗಳೂ ಅವುಗಳ ಹತ್ತಿರದ ನಂಟರೂ. ಈ ವಿಷಯವು 1987ರಲ್ಲಿ ಪ್ರಕಟವಾಯಿತು.

ಇದರ ಅರ್ಥವನ್ನು ಪಾಲುಪತ್ರದ ದೃಷ್ಟಾಂತದಿಂದ ತಿಳಿಯಬಹುದು. ಮೂಲ ಪಾಲುಪತ್ರವನ್ನು ನಕಲು ಮಾಡಿದವನೊಬ್ಬನು ನಡುವಿನ ಕೆಲವು ಹಾಳೆಗಳನ್ನು ತಲೆಕೆಳಗಾಗಿ ಹೊಲಿದನೆಂದು ಇಟ್ಟುಕೊಳ್ಳಿರಿ. ಆ ನಕಲನ್ನು ನೋಡಿ ಮುಂದೆ ಮಾಡಿದ ನಕಲುಗಳಲ್ಲೆಲ್ಲಾ ಆ ಹಾಳೆಗಳು ತಲೆಕೆಳಗಾಗಿಯೇ ಇರುತ್ತವೆ. ನೂರು ವರ್ಷಗಳ ಮೇಲೆ ಹಲವು ಮನೆಗಳ ಪೆಟ್ಟಿಗೆಯಿಂದ ಪತ್ರಗಳನ್ನು ತೆಗೆದು ನೋಡಿದಾಗ, ಹಾಳೆಗಳು ನೆಟ್ಟಗಿರುವ ಪತ್ರವು ಯಾವ ಮನೆಯಲ್ಲಿ ಇದೆಯೋ ಆ ಮನೆಯು ಹೊಲಿಗೆಯ ತಪ್ಪಾಗುವ ಮೊದಲೇ ಬೇರೆಯಾಗಿತ್ತೆಂದು ಹೇಳಲು ಸಾಕ್ಷಿಗಳು ಬೇಕಾಗುವುದಿಲ್ಲ. ಸೂರ್ಯಕಾಂತಿಯ ಕುಲದಲ್ಲಿ ಅತ್ಯಂತ ಹಳೆಯ ಪಾಲು ಅಮೆರಿಕದ ಆ ಪೊದೆಗಳ ಮನೆಗೂ ಉಳಿದವರೆಲ್ಲರ ಮನೆಗೂ ನಡುವೆ ಆದುದೆಂದು ಹೀಗೆ ಗೊತ್ತಾಯಿತು. ಅದಕ್ಕೆ ಮೊದಲು ಆ ಪೊದೆಗಳನ್ನು ಒಂದು ಶಾಖೆಯೊಳಗಿನ ಉಪಶಾಖೆಯೆಂದು ಎಣಿಸುತ್ತಿದ್ದರು. 1992ರಲ್ಲಿ ಅವನ್ನು ಪ್ರತ್ಯೇಕ ಉಪಕುಲವಾಗಿ ಮಾಡಿದರು. 2005ರಲ್ಲಿ ಇನ್ನಷ್ಟು ಸೂಕ್ಷ್ಮವಾಗಿ ಓದಿದಾಗ, ತಿರುಗಿದ ಆ ದೊಡ್ಡ ತುಂಡಿನೊಳಗೆಯೇ ಸುಮಾರು 3,300 ಅಕ್ಷರಗಳ ಚಿಕ್ಕ ತುಂಡೊಂದು ಮತ್ತೆ ತಿರುಗಿರುವುದು ಬೆಳಕಿಗೆ ಬಂದಿತು. ಒಂದಿರುವ ಕಡೆಯಲ್ಲೆಲ್ಲಾ ಮತ್ತೊಂದೂ ಇದೆ. ಆದುದರಿಂದ ಎರಡೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಸಂಭವಿಸಿರಬೇಕು. ಕುಲದ ಪೂರ್ವಿಕರು ದಕ್ಷಿಣ ಅಮೆರಿಕದವರೆಂಬ ಅಭಿಪ್ರಾಯಕ್ಕೆ ಪಟಗೋನಿಯದಲ್ಲಿ ದೊರೆತು 2010ರಲ್ಲಿ ಪ್ರಕಟವಾದ, 4 ಕೋಟಿ 70 ಲಕ್ಷ ವರ್ಷಗಳಿಗೂ ಹಳೆಯದಾದ ಕಲ್ಲಾದ ಹೂವೊಂದು ಬೆಂಬಲವಾಗಿದೆ.

ಇಷ್ಟು ಪುರಾತನ ವಿಷಯದಿಂದ ಹೊಲಗದ್ದೆಗಳವರಿಗೆ ಏನು ಪ್ರಯೋಜನವೆಂದು ಕೇಳುವುದು ನ್ಯಾಯವೇ ಆಗಿದೆ. ಪ್ರಯೋಜನವು ಮೊದಲು ಕಾಣುವುದು ಕಾಂಗ್ರೆಸ್ ಗಿಡದ ವಿಷಯದಲ್ಲಿಯೇ. ಈ ಗಿಡದ ಸೋದರ ಜಾತಿಯೊಂದು ಮೆಕ್ಸಿಕೋ ಮತ್ತು ಅದಕ್ಕೆ ಹೊಂದಿದ ಅಮೆರಿಕದ ಮರುಭೂಮಿಗಳಲ್ಲಿ ಬೆಳೆಯುವುದು; ಅದಕ್ಕೆ ಗ್ವಾಯೂಲೆ ಎಂದು ಹೆಸರು. ಒಂದು ಶುದ್ಧ ಕಳೆ, ಇನ್ನೊಂದು ರಬ್ಬರು ಕೊಡುವ ಬೆಳೆ! ಎರಡನೆಯ ಮಹಾಯುದ್ಧದಲ್ಲಿ ಮಲಯ ದೇಶದ ರಬ್ಬರು ದೊರೆಯದಂತಾದಾಗ, 1942ರಲ್ಲಿ ಅಮೆರಿಕ ಸರ್ಕಾರವು ಗ್ವಾಯೂಲೆಯನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಲು ಏರ್ಪಾಡು ಮಾಡಿತ್ತು. ಈ ಗಿಡದ ಹಸುರು ಕಣದ ಪೂರ್ಣ ಲೇಖವು 2009ರಲ್ಲಿ ಪ್ರಕಟವಾಯಿತು, ಅಕ್ಷರಗಳು 1,52,803. ಅದನ್ನು ಸೂರ್ಯಕಾಂತಿ, ಲೆಟ್ಯೂಸ್, ಹುಚ್ಚೆಳ್ಳುಗಳ ಲೇಖದೊಡನೆ ಹೋಲಿಸಿ, ಯಾವ ಯಾವ ಸ್ಥಳಗಳಲ್ಲಿ ಅಕ್ಷರಗಳು ಬೇಗ ಬದಲಾಗುತ್ತವೆಂದು ಗುರುತಿಸಿದರು. ಮಾಟ್-ಕೆ ಎಂಬ ಜೀನು ಮತ್ತು ಎರಡು ಜೀನುಗಳ ನಡುವಣ ಒಂದು ಖಾಲಿ ಜಾಗ, ಇವೆರಡನ್ನು ಓದಿದರೆ ಗ್ವಾಯೂಲೆ ಯಾವುದು, ಕಾಂಗ್ರೆಸ್ ಗಿಡ ಯಾವುದು ಎಂದು ಎಲೆಯ ಚೂರಿನಿಂದಲೇ ಹೇಳಬಹುದಾಗಿದೆ. ಇಂತಹ ಗುರುತಿನ ತುಣುಕುಗಳಿಗೆ ಅಂಗಡಿಯ ಸಾಮಾನಿನ ಮೇಲಿನ ಗೆರೆಗಳ ಗುರುತಿನಂತೆ ಬಾರ್‌ಕೋಡ್ ಎಂದು ಹೆಸರಾಗಿದೆ. ಇದೇ ಉಪಾಯದಿಂದ ಕೇಸರಿಗೆ ಬೆರೆಸಿದ ಕುಸುಬೆಯ ಹೂವಿನ ಎಸಳನ್ನು ಕಂಡುಹಿಡಿಯುತ್ತಾರೆ. ಪುಡಿಮಾಡಿದ ಮೇಲೂ ಲೇಖವು ಪೂರ್ತಿಯಾಗಿ ಅಳಿಯುವುದಿಲ್ಲ.

ನಂಟುತನದ ಲೆಕ್ಕವು ಅತ್ಯಂತ ಅವಶ್ಯಕವಾಗುವುದು ಕಳೆಯ ಮೇಲೆ ಹುಳುವನ್ನು ಬಿಡುವಾಗ. ಕಾಂಗ್ರೆಸ್ ಗಿಡದ ಎಲೆಯನ್ನು ತಿನ್ನುವ ಝೈಗೋಗ್ರಾಮ ಎಂಬ ದುಂಬಿಯನ್ನು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ, ಪರೀಕ್ಷೆಗಳಾದ ಮೇಲೆ 1984ರಲ್ಲಿ ಬಯಲಿಗೆ ಬಿಟ್ಟರು. ಅದು ಅನೇಕ ಕಡೆ ನೆಲೆಗೊಂಡು, ಮಳೆಗಾಲದಲ್ಲಿ ಗಿಡಗಳನ್ನು ಬೋಳುಮಾಡತೊಡಗಿತು. ಕೆಲವು ವರ್ಷಗಳಾದ ಮೇಲೆ ಕರ್ನಾಟಕದ ಕೆಲವು ಕಡೆ ಇದೇ ದುಂಬಿಯು ಸೂರ್ಯಕಾಂತಿಯ ಎಲೆಯ ಮೇಲೆ ಕುಳಿತು ಮೇಯುತ್ತಿದ್ದುದು ಕಂಡುಬಂದು ಬೆಳೆಗಾರರಲ್ಲಿ ಬಹಳ ಗಾಬರಿಯುಂಟಾಯಿತು. ಗಾಬರಿಗೆ ಕಾರಣವಿಲ್ಲದೆ ಇರಲಿಲ್ಲ. ಸೂರ್ಯಕಾಂತಿಯೂ ಕಾಂಗ್ರೆಸ್ ಗಿಡವೂ ಒಂದೇ ಕುಲವಷ್ಟೇ ಅಲ್ಲ, ಒಂದೇ ಶಾಖೆಯವು. ವಿಚಾರ ಮಾಡಿ ನೋಡಲಾಗಿ, ಪಕ್ಕದ ಬೀಳಿನಿಂದ ಕಾಂಗ್ರೆಸ್ ಗಿಡದ ಪರಾಗವು ಹಾರಿಬಂದು ಸೂರ್ಯಕಾಂತಿಯ ಎಲೆಯ ಮೇಲೆ ಬಿದ್ದಿದ್ದ ಕಡೆ ಬೆಳೆದ ದುಂಬಿಗಳು ಮೋಸಹೋಗಿ ಎಲೆಯನ್ನು ಕಚ್ಚುತ್ತಿದ್ದವೆಂದೂ, ಸೂರ್ಯಕಾಂತಿಯ ಮೇಲೆ ಅವು ತಮ್ಮ ಸಂತತಿಯನ್ನು ನಡೆಸಿಕೊಂಡು ಹೋಗಲಾರವೆಂದೂ ತಿಳಿದುಬಂದಿತು. ಹೊಲದ ಸುತ್ತಲಿನ ಕಾಂಗ್ರೆಸ್ ಗಿಡವನ್ನು ಹೂಬಿಡುವ ಮೊದಲೇ ಕಿತ್ತುಹಾಕುವುದಕ್ಕೆ ಇದೊಂದು ಹೆಚ್ಚಿನ ಕಾರಣವಾಯಿತು.

ಹುಳುವನ್ನು ತರಿಸುವವರು ಮೊದಲು ಕಳೆಗೆ ಅತಿ ಹತ್ತಿರದ ಜಾತಿಗಳ ಮೇಲೆ, ಅನಂತರ ಶಾಖೆಯ ಇತರ ಗಿಡಗಳ ಮೇಲೆ, ಕೊನೆಗೆ ದೂರದ ಕುಲಗಳ ಮೇಲೆ, ಹೀಗೆ ನೀರಿನ ಅಲೆಯಂತೆ ಒಳಗಿನಿಂದ ಹೊರಗೆ ಪರೀಕ್ಷಿಸುತ್ತಾ ಹೋಗಬೇಕೆಂಬ ಪದ್ಧತಿಯು 1974ರಿಂದ ಬಳಕೆಗೆ ಬಂದಿದೆ. ಹತ್ತಿರದವರು ಯಾರೆಂಬ ಪಟ್ಟಿಯೇ ತಪ್ಪಾಗಿದ್ದರೆ ಪರೀಕ್ಷೆಯೂ ವ್ಯರ್ಥ. ಈ ಪಟ್ಟಿಯನ್ನು ಮಾಡುವುದಕ್ಕೆ ಹಸುರು ಕಣದ ಲೇಖವು ಇಂದು ಮುಖ್ಯ ಆಧಾರವಾಗಿದೆ. ಅದರ ಪ್ರಕಾರ ಕಾಂಗ್ರೆಸ್ ಗಿಡಕ್ಕೆ ಸೂರ್ಯಕಾಂತಿಯು ಹತ್ತಿರ, ಹುಚ್ಚೆಳ್ಳು ಅದಕ್ಕಿಂತ ಸ್ವಲ್ಪ ದೂರ, ಸೇವಂತಿಗೆ ಇನ್ನೂ ದೂರ, ಕುಸುಬೆಯು ಬಹು ದೂರದ ನಂಟನು.

ಎರಡನೆಯ ವಿಷಯವು ಕಳೆನಾಶಕಗಳದು. ಮುಸುಕಿನ ಜೋಳ, ಜೋಳ, ಕಬ್ಬುಗಳಲ್ಲಿ ಹಾಕುವ ಆಟ್ರಜೀನ್ ಎಂಬ ಔಷಧವು ಕೆಲಸಮಾಡುವ ಸ್ಥಳವೇ ಹಸುರು ಕಣವು. ಆ ಕಣದ ಲೇಖದಲ್ಲಿ ಪಿ-ಎಸ್-ಬಿ-ಎ ಎಂಬ ಜೀನು ಇದೆ. ಬೆಳಕನ್ನು ಉಪಯೋಗಿಸಿಕೊಳ್ಳುವ ಯಂತ್ರದ ಒಂದು ಮುಖ್ಯ ಭಾಗವು ಅದರ ಆಜ್ಞೆಯಂತೆ ಸಿದ್ಧವಾಗುವುದು. ಔಷಧವು ಆ ಭಾಗಕ್ಕೆ ಬೆಣೆಯಂತೆ ಸಿಕ್ಕಿಕೊಂಡು ಯಂತ್ರವನ್ನು ನಿಲ್ಲಿಸುತ್ತದೆ. ಈ ಜೀನು ಸೂರ್ಯಕಾಂತಿಯಲ್ಲಿಯೂ ಕಾಂಗ್ರೆಸ್ ಗಿಡದಲ್ಲಿಯೂ, ಅಷ್ಟೇಕೆ, ಮುಸುಕಿನ ಜೋಳದಲ್ಲಿಯೂ ಬಹಳಮಟ್ಟಿಗೆ ಒಂದೇ ಆಗಿದೆ. ಜೋಳಗಳು ಬದುಕುವುದು ಜೀನು ಬೇರೆಯಾಗಿರುವುದರಿಂದಲ್ಲ. ಆ ವಿಷವನ್ನು ತಮ್ಮ ಒಡಲಿನಲ್ಲಿಯೇ ಬೇಗನೆ ನಿರಪಾಯದ ವಸ್ತುವನ್ನಾಗಿ ಮಾರ್ಪಡಿಸುವ ಶಕ್ತಿ ಅವಕ್ಕಿರುವುದರಿಂದ. ಸೂರ್ಯಕಾಂತಿಗೆ ಆ ಶಕ್ತಿ ಸಾಲದು. ಹಿಂದಿನ ಬೆಳೆಗೆ ಆಟ್ರಜೀನನ್ನು ಹೆಚ್ಚಾಗಿ ಹಾಕಿದ ಹೊಲದಲ್ಲಿ ಮುಂದೆ ಬಿತ್ತಿದ ಸೂರ್ಯಕಾಂತಿಯು ಮಣ್ಣಿನಲ್ಲಿ ಉಳಿದ ಔಷಧದಿಂದ ಕೆಟ್ಟುಹೋಗಬಹುದಾದ ಕಾರಣವು ಇದೇ. ಕಳೆಗೆ ವಿಷವಾದುದು ಅದರ ದಾಯಾದಿಗೂ ವಿಷವು.

ಈ ಜೀನಿನಲ್ಲಿ ಒಂದೇ ಅಕ್ಷರವು ಬದಲಾದರೆ ಏನಾಗುವುದೆಂಬುದಕ್ಕೂ ಇದೇ ಕುಲದಲ್ಲಿ ದೃಷ್ಟಾಂತವುಂಟು. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಒಂದು ಸಸಿತೋಟದಲ್ಲಿ 1958ರಿಂದ ಹತ್ತು ವರ್ಷಗಳ ಕಾಲ ಪ್ರತಿ ವರ್ಷವೂ ಸಿಮಜೀನ್ ಅಥವಾ ಆಟ್ರಜೀನನ್ನು ಹಾಕುತ್ತಿದ್ದರು. 1968ರ ವೇಳೆಗೆ ಅಲ್ಲಿನ ಸೆನೇಸಿಯೋ ಎಂಬ ಹಳದಿ ಹೂವಿನ ಕಳೆಯು ಎಷ್ಟು ಔಷಧಕ್ಕೂ ಸಾಯದೆ ನಿಂತಿತು. 1970ರಲ್ಲಿ ಪ್ರಕಟವಾದ ಈ ಸಂಗತಿಯು ಆ ವರ್ಗದ ಔಷಧಗಳನ್ನು ಕಳೆಯು ಗೆದ್ದುದಕ್ಕೆ ಮೊದಲ ವರದಿಯು. ಮುಂದೆ ಲೇಖವನ್ನು ಓದಿದಾಗ, ಪಿ-ಎಸ್-ಬಿ-ಎ ಜೀನಿನ 264ನೆಯ ಸಂಕೇತಪದದಲ್ಲಿ ಎ ಎಂಬ ಅಕ್ಷರವು ಜಿ ಆಗಿರುವುದು ತಿಳಿಯಿತು. ಬೆಣೆಯು ಹಿಡಿಯುವ ಸಂದೇ ಮಾಯವಾಗಿತ್ತು! ಹಸುರು ಕಣವು ತಾಯಿಯ ಸೊತ್ತಾದುದರಿಂದ ಇಂತಹ ಒಂದು ಗಿಡದ ಬೀಜಗಳೆಲ್ಲವೂ ತಾಯಿಯಂತೆಯೇ ಔಷಧವನ್ನು ಸಹಿಸುವುವು. ಸುತ್ತಲಿನ ಸಾಧಾರಣ ಗಿಡಗಳ ಪರಾಗವು ಬಿದ್ದರೂ ಆ ಗುಣವು ತೆಳುವಾಗುವುದಿಲ್ಲ. ಬದಲಾಗಿ, ಪರಾಗದ ಮೂಲಕ ಪಕ್ಕದ ಹೊಲಕ್ಕೆ ಹರಡುವುದೂ ಇಲ್ಲ, ಬೀಜವೇ ಸಾಗಬೇಕು. ಒಂದೇ ಔಷಧವನ್ನು ವರ್ಷ ವರ್ಷವೂ ಹಾಕಿದ ಹೊಲದಲ್ಲಿ ನಾಲ್ಕಾರು ಕಳೆಗಳು ಮಾತ್ರ ಹಸುರಾಗಿ ಉಳಿದಿದ್ದರೆ, ಅವು ಬೀಜ ಕಟ್ಟುವ ಮುಂಚೆ ಕೈಯಿಂದ ಕಿತ್ತು ಸುಡುವುದು ಆಳಿನ ಒಂದು ದಿನದ ಕೆಲಸವು. ಬೀಜ ಉದುರಿದ ಮೇಲೆ ಅದು ಎಷ್ಟೋ ವರ್ಷಗಳ ಕೆಲಸವಾಗುವುದು. ಗುದ್ದಲಿಯನ್ನೂ ಕುಂಟೆಯನ್ನೂ ಅಟ್ಟಕ್ಕೆ ಹಾಕಿ ಔಷಧದ ಡಬ್ಬಿಯನ್ನೇ ನಂಬುವವರು ಈ ಸಂಗತಿಯನ್ನು ಗಮನದಲ್ಲಿಡುವುದು ಒಳ್ಳೆಯದು.

ಉಳಿದಿರುವುದು ಬೀಜದ ಚೀಲದ ವ್ಯಾಜ್ಯ. ಮಿಶ್ರತಳಿ ಸೂರ್ಯಕಾಂತಿಯ ಬೀಜವನ್ನು ಮಾಡಲು ಪರಾಗವಿಲ್ಲದ ಹೆಣ್ಣುತಳಿಯು ಬೇಕು. ಅದನ್ನು ಫ್ರಾನ್ಸ್ ದೇಶದ ಲೆಕ್ಲೆರ್ಕ್ ಎಂಬಾತನು 1969ರಲ್ಲಿ ಪ್ರಕಟಿಸಿದನು. ಅಮೆರಿಕದ ಬಯಲುಗಳ ಪೆಟಿಯೋಲಾರಿಸ್ ಎಂಬ ಕಾಡು ಸೂರ್ಯಕಾಂತಿಯನ್ನು ತಾಯಿಯಾಗಿ ಇಟ್ಟುಕೊಂಡು, ಸಾಗುವಳಿಯ ಸೂರ್ಯಕಾಂತಿಯ ಪರಾಗವನ್ನು ಮತ್ತೆ ಮತ್ತೆ ಹಾಕಿ ಆ ತಳಿಯನ್ನು ಪಡೆದನು. ಅದೇ ಆಧಾರದ ಮೇಲೆ ಭಾರತದ ಮೊದಲನೆಯ ಮಿಶ್ರತಳಿಯಾದ ಬಿ. ಎಸ್. ಎಚ್.-1 ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ 1980ರಲ್ಲಿ ಹೊರಬಂದಿತು. ಪರಾಗವಿಲ್ಲದಂತೆ ಮಾಡುವ ದೋಷವು ಹಸುರು ಕಣದಲ್ಲಿಲ್ಲ. ಮೈಟೋಕಾಂಡ್ರಿಯ ಎಂಬ ಬೇರೊಂದು ಕಣದಲ್ಲಿದೆ. ಆದರೆ ಎರಡೂ ತಾಯಿಯಿಂದಲೇ ಬರುವುವಾದುದರಿಂದ ಒಂದರ ಜೊತೆಯಲ್ಲಿ ಮತ್ತೊಂದೂ ಬಂದಿರುತ್ತದೆ. ಹೀಗಾಗಿ ಇಂತಹ ಮಿಶ್ರತಳಿಯ ಹೊಲದಲ್ಲಿ ಮೇಲ್ನೋಟಕ್ಕೆ ಸಾಗುವಳಿಯ ಗಿಡವೇ ನಿಂತಿದ್ದರೂ ಎಲೆಯೊಳಗಿನ ಹಸುರು ಕಣಗಳು ಆ ಕಾಡುಗಿಡದ ವಾರಸಿನವು.

ಆದುದರಿಂದ ಮಿಶ್ರತಳಿಯೆಂದು ಮಾರಿದ ಚೀಲದಲ್ಲಿ ಮಾರ್ಡನ್ ಮುಂತಾದ ಸಾಧಾರಣ ತಳಿಯ ಬೀಜವನ್ನು ಸೇರಿಸಿದ್ದರೆ ಹಸುರು ಕಣದ ಲೇಖವು ಅದನ್ನು ಬಯಲುಮಾಡಬಲ್ಲುದು. ಹೆಣ್ಣುತಳಿಯ ಗಿಡಗಳಿಗೆ ಬೇರೆ ಪರಾಗವು ಬಿದ್ದು ಆದ ಕೆಟ್ಟ ಬೀಜವನ್ನು ಮಾತ್ರ ಅದು ಹಿಡಿಯಲಾರದು. ಒಳ್ಳೆಯ ಬೀಜಕ್ಕೂ ಕೆಟ್ಟ ಬೀಜಕ್ಕೂ ತಾಯಿ ಒಬ್ಬಳೇ, ಲೇಖವೂ ಒಂದೇ. ಅಲ್ಲಿ ತಂದೆಯ ಗುರುತನ್ನು ಬೀಜಕೇಂದ್ರದ ಲೇಖದಲ್ಲಿ ಹುಡುಕಬೇಕು. ಅಥವಾ ಹಳೆಯ ಪದ್ಧತಿಯಂತೆ, ಚೀಲದಿಂದ ತೆಗೆದ ಮಾದರಿಯ ಬೀಜವನ್ನು ಮಡಿಯಲ್ಲಿ ಬಿತ್ತಿ, ಹೂ ಅರಳಿದ ಮೇಲೆ ಬೆಳಗಿನ ಹೊತ್ತು ಸಾಲಿನಲ್ಲಿ ನಡೆದು, ಯಾವ ಯಾವ ಹೂವಿನಲ್ಲಿ ಹಳದಿ ಪುಡಿ ಕೈಗೆ ಅಂಟುವುದಿಲ್ಲವೋ ಅವನ್ನು ಎಣಿಸಬೇಕು.